ಅಂಜಿನಮ್ಮ ಮಾಡಿದ ಗಡಿಯಾರ

ಕಲ್ಲುಬಾವಿಪಾಳ್ಯದ ಅಂಜಿನಮ್ಮನ ಮನೆಯಲ್ಲಿ ಗಡಿಯಾರ ಇರಲಿಲ್ಲ. ಊರಿನಲ್ಲೇ ಇರಲಿಲ್ಲ ಅನ್ನಿ. ದೇವನಹಳ್ಳಿಗೆ ಎರಡು ಮೈಲಿ ದೂರದ ಆ ಹಳ್ಳಿಯಲ್ಲಿ ಹೊತ್ತು ತಿಳಿಯಬೇಕಾದರೆ ನೆರಳು ನೋಡುತ್ತಿದ್ದರು, ಇಲ್ಲವೇ ಚಿಕ್ಕಬಳ್ಳಾಪುರದ ಪುಟ್ಟ ರೈಲಿನ ಕೂಗಿಗೆ ಕಿವಿಗೊಡುತ್ತಿದ್ದರು. ಆ ರೈಲೋ, ತನಗೆ ಮನಸ್ಸು ಬಂದಾಗ ಕೂಗುವಂಥದ್ದು. ಇಂಥ ಊರಿನಲ್ಲಿದ್ದುಕೊಂಡು ಅಂಜಿನಮ್ಮ ತನ್ನ ಕೈಯಾರೆ ಒಂದು ಗಡಿಯಾರ ಮಾಡಿದಳು, ಅದೂ ರಟ್ಟಿನ ಮೇಲೆ, ಬೆಂಡೆಕಾಯಿ ಹಿಡಿದುಕೊಂಡು.

ಅವಳ ಕಸುಬು ರಂಗೋಲಿ ತಗಡು. ಸೀಮೆಎಣ್ಣೆ ಡಬ್ಬ ಬಿಚ್ಚಿ, ತಟ್ಟಿ ಮಟ್ಟ ಮಾಡಿ, ಮೊಳೆಯಲ್ಲಿ ಸಾಲುಸಾಲು ತೂತು ಹೊಡೆದು ಕಮಲ, ನವಿಲು, ಬಳ್ಳಿ ಮೂಡಿಸುತ್ತಿದ್ದಳು. ತಗಡನ್ನು ನೆಲದ ಮೇಲಿಟ್ಟು ರಂಗೋಲಿ ಪುಡಿ ಹಾಕಿ ಕೈಯಾಡಿಸಿ ಎತ್ತಿದರೆ ಬಾಗಿಲ ಮುಂದೆ ಹೂವು ಬಿದ್ದಿರುತ್ತಿತ್ತು. ಎಳೆ ಎಳೆಯಲು ಬಾರದ ಹೊಸ ಸೊಸೆಯರ ಮಾನ ಕಾಯುತ್ತಿದ್ದವಳು ಅವಳೇ. ದೇವನಹಳ್ಳಿ ಸಂತೆಯಲ್ಲಿ ಅವರು ಅತ್ತೆಯರ ಕಣ್ಣು ತಪ್ಪಿಸಿ ಬಂದು ಕೊಳ್ಳುತ್ತಿದ್ದರು. ಅಂಜಿನಮ್ಮನಿಗೆ ಮಾತು ಜಾಸ್ತಿ, ನಗು ಅದಕ್ಕಿಂತ ಜಾಸ್ತಿ. ಗಂಡ ವೆಂಕಟರಾಯಪ್ಪ ದೇವನಹಳ್ಳಿಯ ಒಂದು ಮಂಡಿಯಲ್ಲಿ ಮೂಟೆಗಳ ಮೇಲೆ ಗುರುತು ಹೊಡೆಯುವವನು. ಅಂಕಿ ಕೊರೆದ ತಗಡನ್ನು ಗೋಣಿಯ ಮೇಲೆ ಒತ್ತಿಹಿಡಿದು ಕಪ್ಪು ಮಸಿ ಸವರುವುದು ಅವನ ಕೆಲಸ. ಗಂಡ ಹೆಂಡತಿ ಇಬ್ಬರೂ ತಗಡಿನ ತೂತಿನಲ್ಲೇ ಅನ್ನ ಕಾಣುವವರು ಎಂದು ಊರವರು ಛೇಡಿಸುತ್ತಿದ್ದರು.

ಇಷ್ಟು ನಗುವವಳಿಗೂ ಒಂದು ಕೊರಗಿತ್ತು. ಒಡಹುಟ್ಟಿದ ಅಣ್ಣ ಗಂಗಣ್ಣ ಮೂರು ವರ್ಷದಿಂದ ಅವಳ ಹೊಸ್ತಿಲು ತುಳಿದಿರಲಿಲ್ಲ. ಅದಕ್ಕೆ ಕಾರಣ ಆಸ್ತಿಯೂ ಅಲ್ಲ, ಮಾತಿನ ಜಗಳವೂ ಅಲ್ಲ. ಬರೀ ಒಂದು ಗಂಟೆ.

ಗಂಗಣ್ಣನಿಗೆ ಯಲಹಂಕ ಸ್ಟೇಷನ್ನಿನಲ್ಲಿ ರೈಲಿಗೆ ಸನ್ನೆ ತೋರುವ ಕೈಮರ ಇಳಿಸಿ ಏರಿಸುವ ಕೆಲಸ. ಎರಡನೇ ಮಹಾಯುದ್ಧದ ಕಾಲ. ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸಿಬಿಟ್ಟಿತ್ತು. ರೈಲು, ಕಚೇರಿ ಎಲ್ಲ ಹೊಸ ಗಂಟೆಗೆ ನಡೆದವು. ಹಳ್ಳಿಯ ಸೂರ್ಯನಿಗೆ ಸರ್ಕಾರದ ಹುಕುಂ ತಲುಪಿರಲಿಲ್ಲವಾಗಿ ಪಾಳ್ಯದವರು ಹಳೇ ಗಂಟೆಯಲ್ಲೇ ಉಳಿದರು. ರೈಲಿನವರಿಗೆ ಒಂಬತ್ತು ಹೊಡೆದಾಗ ಇವರಿಗೆ ಇನ್ನೂ ಎಂಟು.

ಆ ವರ್ಷವೇ ಅಂಜಿನಮ್ಮನ ಹಿರಿ ಮಗಳು ಮುತ್ಯಾಲಮ್ಮನಿಗೆ ಕಿವಿ ಚುಚ್ಚುವ ಶಾಸ್ತ್ರ. ಅವರಲ್ಲಿ ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಕಿವಿ ಚುಚ್ಚಬೇಕು, ಓಲೆಯನ್ನೂ ಅವನೇ ತರಬೇಕು. "ಒಂಬತ್ತಕ್ಕೆ ಬಂದ್ಬಿಡಣ್ಣ" ಎಂದು ಅಂಜಿನಮ್ಮ ಹೇಳಿಕಳಿಸಿದ್ದಳು. ಯಾವ ಒಂಬತ್ತು ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ರೈಲಿನ ಒಂಬತ್ತಕ್ಕೆ ಸರಿಯಾಗಿ ಗಂಗಣ್ಣ ಮಡಿ ಪಂಚೆ ಉಟ್ಟು, ಜೇಬಿನಲ್ಲಿ ಓಲೆ ಇಟ್ಟುಕೊಂಡು ಬಂದು ನಿಂತರೆ, ಮನೆಗೆ ಬೀಗ. ಶಾಸ್ತ್ರಕ್ಕೆ ಮುಂಚೆ ಊರದೇವತೆಗೆ ಹಣ್ಣುಕಾಯಿ ಮಾಡಿಸಿಕೊಂಡು ಬರಲು ಮನೆಮಂದಿಯೆಲ್ಲ ಗುಡಿಗೆ ಹೋಗಿದ್ದರು. ರಾಗಿ ಹೊಲಕ್ಕೆ ಹೊರಟಿದ್ದ ಪಕ್ಕದ ಮನೆಯ ಅಮ್ಮಯಮ್ಮ, "ಎಲ್ಲಾ ಗುಡಿಗೆ ಹೋದ್ರು ಕಣಪ್ಪ, ಕೂಸೂ ಹೋಯ್ತು" ಎಂದಳು. ತನ್ನನ್ನು ಬಿಟ್ಟೇ ಗುಡಿಯಲ್ಲಿ ಕಿವಿ ಚುಚ್ಚಿಸುತ್ತಿದ್ದಾರೆ ಎಂದುಕೊಂಡ ಗಂಗಣ್ಣ. ಅವನಿಗೆ ಕೋಪ ಬಂದರೆ ಕೂಗುವ ಜಾಯಮಾನವಲ್ಲ, ಮುದುಡಿಕೊಳ್ಳುವ ಜಾಯಮಾನ. ಓಲೆಯನ್ನು ಅಮ್ಮಯಮ್ಮನ ಕೈಗಿಟ್ಟು ಬಂದ ದಾರಿಯಲ್ಲೇ ತಿರುಗಿ ಹೋದ. ಅಮ್ಮಯಮ್ಮ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊಲಕ್ಕೆ ನಡೆದಳು. ಇತ್ತ ಮನೆಗೆ ಬಂದವರು ಕಾದೂ ಕಾದೂ ಸುಸ್ತಾಗಿ, ಕೊನೆಗೆ ವೆಂಕಟರಾಯಪ್ಪನ ಅಪ್ಪನ ತೊಡೆಯ ಮೇಲೆ ಕೂಸನ್ನು ಕೂರಿಸಿ ಶಾಸ್ತ್ರ ಮುಗಿಸಿದರು. ಸಂಜೆ ಅಮ್ಮಯಮ್ಮ ಸೆರಗಿನ ಗಂಟು ಬಿಚ್ಚಿ ಓಲೆ ಕೊಟ್ಟಾಗಲೇ ಅಣ್ಣ ಬಂದು ಹೋದದ್ದು ಅಂಜಿನಮ್ಮನಿಗೆ ತಿಳಿದದ್ದು.

ಆಮೇಲೆ ಅವಳೇ ಯಲಹಂಕಕ್ಕೆ ಹೋಗಿ ಬಂದಳು. ಅತ್ತಿಗೆ ಹೊಟ್ಟೆ ತುಂಬ ಊಟ ಹಾಕಿದಳು. ಅಣ್ಣ ಮಾತ್ರ, "ನಿಮ್ಮ ಗಂಟೆ ನಿಮ್ಗೆ, ನಮ್ಮ ಗಂಟೆ ನಮ್ಗೆ ಬಿಡಮ್ಮ" ಎಂದು ಅಷ್ಟೇ ಹೇಳಿ ಡ್ಯೂಟಿಗೆ ಹೊರಟುಹೋದ. ಈಗ ಕಿರಿ ಮಗಳು ಪುಟ್ಟಿಗೂ ಕಿವಿ ಚುಚ್ಚುವ ವಯಸ್ಸು ಬಂದು ಮೀರುತ್ತಿತ್ತು. ಇವಳನ್ನೂ ಬೇರೆಯವರ ತೊಡೆಯ ಮೇಲೆ ಕೂರಿಸಿದರೆ ಅಣ್ಣನ ನಂಟು ಅಲ್ಲಿಗೆ ಕಡಿದಂತೆಯೇ ಎಂದು ಅಂಜಿನಮ್ಮ ಏನೇನೋ ನೆಪ ಹೇಳಿ ದಿನ ತಳ್ಳುತ್ತಿದ್ದಳು.

ಹೀಗಿರುವಾಗ, ಯುದ್ಧ ಮುಗಿದ ವರ್ಷ ದೀಪಾವಳಿ ಹತ್ತಿರ ಬಂದಾಗ, ವೆಂಕಟರಾಯಪ್ಪ ಮಂಡಿಯಿಂದ ಎರಡು ಸುದ್ದಿ ತಂದ.

"ನಮ್ಮ ಸಾಹುಕಾರ್ರಿಗೆ ಬೆಂಗಳೂರಿಂದ ಒಂದು ರಟ್ಟು ಬಂದೈತೆ ಕಣೆ. ದೀಪದ ಚಿತ್ರ ಅಚ್ಚು ಹಾಕಿ ಹಬ್ಬದ ಶುಭಾಶಯ ಅಂತ ಬರ್ದವ್ರೆ. ಎಲ್ರಿಗೂ ತೋರಿಸ್ಕೊಂಡು ಹಿಗ್ತಾ ಇದ್ರು. ಇನ್ನೊಂದು ಏನಪ್ಪಾ ಅಂದ್ರೆ, ಗಡಿಯಾರನ ಮತ್ತೆ ಹಿಂದಕ್ಕೆ ತಿರುಗಿಸಿದ್ರಂತೆ. ಇನ್ಮೇಲೆ ರೈಲಿಗೂ ನಮ್ಗೂ ಒಂದೇ ಗಂಟೆ."

ಮುದ್ದೆ ತಿರುವುತ್ತಿದ್ದ ಅಂಜಿನಮ್ಮನ ಕೋಲು ನಿಂತಿತು. "ಹಂಗಂದ್ರೆ ಸರ್ಕಾರ ತಗೊಂಡಿದ್ದ ಗಂಟೆ ವಾಪಸು ಕೊಡ್ತು ಅನ್ನಿ."

"ಅಂಗೇ ಅನ್ಕೋ."

"ಸರ್ಕಾರದಂಥ ಸರ್ಕಾರಾನೇ ವಾಪಸು ಕೊಟ್ಮೇಲೆ ನಮ್ಮಣ್ಣ ವಾಪಸು ಬರಾಕಾಗಲ್ವಾ?"

ಆ ರಾತ್ರಿ ಮುದ್ದೆ ಗಂಟುಗಂಟಾಗಿತ್ತು. ವೆಂಕಟರಾಯಪ್ಪ ಸಾರಿನಲ್ಲಿ ಮುಳುಗಿಸಿ ಮುಳುಗಿಸಿ ನುಂಗಿದ.

ಮರುದಿನವೇ ಕೆಲಸ ಶುರು. ಯುದ್ಧ ಮುಗಿದರೂ ಕಾಗದ ಸಿಗುವುದು ಕಷ್ಟವಾಗಿತ್ತು. ಬಳೆಗಾರನನ್ನು ಕಾಡಿ ಬೇಡಿ ಬಳೆ ಪೆಟ್ಟಿಗೆಯ ಮುಚ್ಚಳ ಸಂಪಾದಿಸಿದಳು. ಅದರ ಒಳಮೈ ಬೆಳ್ಳಗಿತ್ತು. ಕತ್ತರಿಸಿ ನಡುವೆ ಮಡಿಸಿದರೆ ಸಾಹುಕಾರರ ರಟ್ಟಿನಂತೆಯೇ ಆಯಿತು. ಅಂಕಿಗೆ ಗಂಡನ ಮಂಡಿಯ ತಗಡು ತಂದು ಇಟ್ಟು ನೋಡಿದಳು. ಮೂಟೆಯ ಅಂಕಿ ಅಂಗೈ ಅಗಲ. ಒಂದು ಅಂಕಿ ಬಿದ್ದರೆ ರಟ್ಟೇ ಮುಗಿಯುತ್ತಿತ್ತು. ಗಂಡನ ನಶ್ಯದ ಡಬ್ಬಿಯ ಮೇಲೆ ಅವಳ ಕಣ್ಣು ಬಿತ್ತು. ತೆಳು ತಗಡು, ಕೊರೆಯಲು ಬೆಣ್ಣೆ. ನಶ್ಯವನ್ನು ಬಾಳೆಲೆಗೆ ಸುರಿದು ಡಬ್ಬಿಯನ್ನು ಬಿಚ್ಚಿಯೇಬಿಟ್ಟಳು. ಅವಳಿಗೆ ಓದು ಬರುತ್ತಿರಲಿಲ್ಲ, ಅಂಕಿಗಳ ಆಕಾರ ಮಾತ್ರ ಚೆನ್ನಾಗಿ ಬರುತ್ತಿತ್ತು. ಹೆಸರುಕಾಳಿನಷ್ಟು ಚಿಕ್ಕ ಚಿಕ್ಕ ಅಂಕಿಗಳನ್ನು ಕೊರೆದಳು. ಸಂಜೆ ಬಂದ ವೆಂಕಟರಾಯಪ್ಪ ಬಾಳೆಲೆಯಲ್ಲಿ ಒಣಗುತ್ತಿದ್ದ ನಶ್ಯ ನೋಡಿ ಒಂದು ಸಲ ಸೀನಿದ, ಅಷ್ಟೇ.

ಗಡಿಯಾರದ ಮುಖ ಮೂಡಿಸಿದ್ದು ಮಾತ್ರ ಊರಿಗೆಲ್ಲ ನಗೆಯಾಯಿತು. ಅವಳದು ರಂಗೋಲಿಯ ಕೈ. ವೃತ್ತ ಕಂಡರೆ ಆ ಕೈ ತಾನಾಗಿ ನಾಲ್ಕು ದಿಕ್ಕಿಗೆ ನಾಲ್ಕು ಚುಕ್ಕಿ ಇಡುತ್ತದೆ, ನಾಲ್ಕರ ನಡುವೆ ಇನ್ನು ನಾಲ್ಕು, ಎಂಟರ ನಡುವೆ ಮತ್ತೆಂಟು. ಹಾಗೇ ತಗಡು ಕೊರೆದು, ಮಸಿ ಸವರಿ, ಪ್ರತಿ ಚುಕ್ಕಿಯ ಪಕ್ಕ ಒಂದರಿಂದ ಅಂಕಿ ಒತ್ತುತ್ತಾ ಬಂದಳು. ಹನ್ನೆರಡು ಮುಗಿಯಿತು, ಇನ್ನೂ ನಾಲ್ಕು ಚುಕ್ಕಿ ಬಾಯಿ ಬಿಟ್ಟುಕೊಂಡು ಕೂತಿದ್ದವು.

ವೆಂಕಟರಾಯಪ್ಪ ಅದನ್ನು ಕಂದೀಲಿನ ಹತ್ತಿರ ಹಿಡಿದು ನೋಡಿದ. "ಏನಮ್ಮಿ ಇದು, ಹದಿನಾರು ಗಂಟೆ. ಒಂದು ಗಂಟೆ ಹೆಚ್ಚುಕಮ್ಮಿ ಆಗಿದ್ದಕ್ಕೇ ನಿಮ್ಮಣ್ಣ ಮೂರು ವರ್ಷ ಬಂದಿಲ್ಲ. ಈಗ ನಾಲ್ಕು ಗಂಟೆ ಜಾಸ್ತಿ ಕಳಿಸಿದ್ರೆ ಈ ಜನ್ಮಕ್ಕೆ ಬರಾಕಿಲ್ಲ."

ಅಂಜಿನಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತಲೇ ಅತ್ತೂಬಿಟ್ಟಳು. ಪುಟ್ಟಿ ಅಮ್ಮನ ಮುಖ ನೋಡಿ ತಾನೂ ಅಳಲು ಶುರುಮಾಡಿದಾಗ ಕಣ್ಣು ಒರೆಸಿಕೊಂಡಳು. ಮುಚ್ಚಳದಲ್ಲಿ ಉಳಿದಿದ್ದ ಎರಡನೆಯ ರಟ್ಟಿಗೆ ಆರೆಸಳಿನ ಕಮಲದ ತಗಡು ಹುಡುಕಿದಳು. ಆರು ಎಸಳಿನ ತುದಿಗೆ ಆರು ಚುಕ್ಕಿ, ಎಸಳುಗಳ ನಡುವೆ ಆರು. ಈ ಸಲ ಹನ್ನೆರಡು ಗಂಟೆಗಳೂ ತಂತಮ್ಮ ಜಾಗದಲ್ಲಿ ಕೂತವು.

ಇನ್ನು ಹೂವು. ಎಳೇ ಬೆಂಡೆಕಾಯಿಯನ್ನು ಅಡ್ಡಡ್ಡ ಕೊಯ್ದರೆ ಐದೆಸಳಿನ ಅಚ್ಚು ಸಿದ್ಧ. ಅರಿಶಿನದಲ್ಲಿ ಅದ್ದಿ ಒತ್ತಿದರೆ ಹಳದಿ ಹೂವು. ಅದೇ ಅರಿಶಿನಕ್ಕೆ ಚಿಟಿಕೆ ಸುಣ್ಣ ಕಲಸಿದರೆ ಕೆಂಪು ಹೂವು. ಗಡಿಯಾರದ ಸುತ್ತ ಒಂದು ಹಳದಿ, ಒಂದು ಕೆಂಪು ಎಂದು ಒತ್ತುತ್ತಾ ಹೋದಳು. ಅರ್ಧ ಆಲೂಗಡ್ಡೆಯಲ್ಲಿ ಹಣತೆ ಕೆತ್ತಿ ನಾಲ್ಕು ಮೂಲೆಗೂ ಒತ್ತಿದಳು. ಮುತ್ಯಾಲಮ್ಮ ತಾನೂ ಒತ್ತುತ್ತೇನೆಂದು ಹಟ ಹಿಡಿದು ಒಂದು ಹೂವನ್ನು ಹತ್ತರ ಅಂಕಿಯ ಮೇಲೇ ಕೂರಿಸಿದಳು. ಹೋಗಲಿ, ಇದು ಹುಡುಗಿಯ ಕೈಕೆಲಸ ಎಂದು ಅವಳ ಮಾವನಿಗೂ ಗೊತ್ತಾಗಲಿ ಎಂದು ಅಂಜಿನಮ್ಮ ಅದನ್ನು ಹಾಗೇ ಬಿಟ್ಟಳು. ನೋಡಿ ನೋಡಿ ಅವಳಿಗೇ ಹಿಗ್ಗು ತಡೆಯಲಾಗಲಿಲ್ಲ. ಪಕ್ಕದ ಮನೆಗೆ ಓಡಿಹೋಗಿ ಅಮ್ಮಯಮ್ಮನಿಗೆ ತೋರಿಸಿದಳು. ಅಮ್ಮಯಮ್ಮ, "ಟಿಕ್ ಟಿಕ್ ಅನ್ನಲ್ವಾ?" ಎಂದಳು.

ಉಳಿದದ್ದು ಗಡಿಯಾರದ ಮುಳ್ಳು. ಶಾಸ್ತ್ರಕ್ಕೆ ದೀಪಾವಳಿ ಕಳೆದ ಮೊದಲ ಸೋಮವಾರ ಗೊತ್ತಾಗಿತ್ತು, ಪುರೋಹಿತರು ಹತ್ತು ಗಂಟೆ ಎಂದಿದ್ದರು. ಮುಳ್ಳನ್ನು ಹತ್ತಕ್ಕೆ ಬರೆದುಬಿಡಲು ಕುಂಚ ಎತ್ತಿದವಳು ಹಾಗೇ ಇಳಿಸಿದಳು. ಮತ್ತೆ ಗಂಟೆ ಹೇಳಿ ಅಣ್ಣನನ್ನು ಕರೆಯಲು ಅವಳಿಗೆ ಮನಸ್ಸು ಒಪ್ಪಲಿಲ್ಲ. ತಗಡಿನ ಚೂರಿನಲ್ಲಿ ಎರಡು ಮುಳ್ಳು ಕತ್ತರಿಸಿ ಗುಂಡುಸೂಜಿಯಿಂದ ನಡುವೆ ಸಿಕ್ಕಿಸಿ ಹಿಂದೆ ಬಗ್ಗಿಸಿದಳು. ಬೆರಳಿನಲ್ಲಿ ತಳ್ಳಿದರೆ ತಿರುಗುತ್ತಿದ್ದವು.

"ಒಳಗೆ ಬರೀರಿ," ಎಂದು ಗಂಡನನ್ನು ಕೂರಿಸಿದಳು. ಮೂಟೆಯ ಮೇಲೆ ಬರೆಯುವ ದಪ್ಪ ಅಕ್ಷರದಲ್ಲಿ ಅವನು ಬರೆದ: "ಅಣ್ಣನಿಗೆ ದೀಪಾವಳಿ ಶುಭಾಶಯ. ತಗೊಂಡಿದ್ದ ಗಂಟೆ ವಾಪಸು ಬಂತು, ನೀನೂ ಬಾ. ಹಬ್ಬ ಆದ ಸೋಮವಾರ ಪುಟ್ಟಿಗೆ ಕಿವಿ ಚುಚ್ಚೋದು. ಮುಳ್ಳು ನಿನಗೆ ಬೇಕಾದ ಕಡೆ ತಿರುಗಿಸ್ಕೋ. ನೀನು ಬಂದಾಗಲೇ ಮುಹೂರ್ತ."

ಬರೆದು ಮುಗಿಸಿ ವೆಂಕಟರಾಯಪ್ಪ ತಲೆ ಕೆರೆದುಕೊಂಡ. "ಸೋಮವಾರ ಏಳೂವರೆಯಿಂದ ಒಂಬತ್ತರ ಗಂಟ ರಾಹುಕಾಲ. ಅವನು ಅಲ್ಲಿಗೇ ತಿರುಗಿಸಿದ್ರೆ?"

"ತಿರುಗಿಸ್ಲಿ. ನಮ್ಮಣ್ಣ ಬರೋ ಹೊತ್ತಿಗೆ ರಾಹು ಎದ್ದು ಜಾಗ ಬಿಡ್ಬೇಕು."

ರಟ್ಟು ಯಲಹಂಕಕ್ಕೆ ಹೋಯಿತು. ದೀಪಾವಳಿಯೂ ಬಂದು ಹೋಯಿತು. ಗಂಗಣ್ಣನಿಂದ ಹೂಂ ಇಲ್ಲ, ಉಹೂಂ ಇಲ್ಲ. ಅಂಜಿನಮ್ಮ ಮಾತ್ರ ಕಿವಿ ಚುಚ್ಚುವ ಆಚಾರಿಗೆ ಬೆಳಗಿನಿಂದ ಬೈಗಿನವರೆಗೂ ನಮ್ಮ ಜಗಲಿ ಬಿಟ್ಟು ಏಳಕೂಡದು ಎಂದು ತಾಕೀತು ಮಾಡಿ ಬಂದಳು. ಗುಡಿಗೆ ಮನೆಯವರೆಲ್ಲ ಹೋಗಲಿ, ತಾನು ಬಾಗಿಲು ಕಾಯುತ್ತೇನೆ ಎಂದಳು. ಹೆತ್ತ ತಾಯಿಯೇ ಬರದಿದ್ದರೆ ಹೇಗೆ ಎಂದು ವೆಂಕಟರಾಯಪ್ಪನ ಅಪ್ಪ ಗೊಣಗಿದರು. "ದೇವ್ರು ದೊಡ್ಡೋಳು, ಅರ್ಥ ಮಾಡ್ಕೊಂತಾಳೆ. ನಮ್ಮಣ್ಣ ಚಿಕ್ಕೋನು," ಎಂದಳು ಅಂಜಿನಮ್ಮ. ಬಾಯಲ್ಲಿ ಹೀಗೆ ಅಂದರೂ, ಅವನು ಬರದೇ ಹೋದರೆ ಏನು ಗತಿ ಎಂಬ ಯೋಚನೆ ಬಂದಾಗಲೆಲ್ಲ ಎದ್ದು ಒಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು.

ಸೋಮವಾರ ಮೂಡಲು ಕೆಂಪಾಗುವ ಹೊತ್ತಿಗೆ ಅಂಗಳ ಸಾರಿಸಿ ರಂಗೋಲಿಗೆ ಕೂತಳು. ಊರಿಗೆಲ್ಲ ತಗಡು ಮಾರುವವಳು ತನ್ನ ಬಾಗಿಲಿಗೆ ಕೈಯಲ್ಲೇ ಎಳೆ ಎಳೆಯುತ್ತಿದ್ದಳು. ಬಳ್ಳಿಯ ತುದಿ ಮುಗಿಸಿ ತಲೆ ಎತ್ತಿದರೆ ರಂಗೋಲಿಯ ಆಚೆಗೆ ಧೂಳು ಮೆತ್ತಿದ ಎರಡು ಕಾಲು. ಗಂಗಣ್ಣ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ರಟ್ಟು ಹಿಡಿದು ನಿಂತಿದ್ದ. ತುಳಿಯಬಾರದೆಂದು ದಾರಿ ಹುಡುಕುತ್ತಿದ್ದ.

"ಇಷ್ಟೊತ್ತಿಗೆ ಯಾವ ರೈಲಣ್ಣ?"

"ನಿನ್ನೆ ಸಾಯಂಕಾಲದ ಗಾಡೀಲೇ ಬಂದೆ ಕಣಮ್ಮ. ಸ್ಟೇಷನ್ ಬೆಂಚಿನ ಮ್ಯಾಲೆ ಮಲ್ಕೊಂಡಿದ್ದೆ. ನೀವು ಬೀಗ ಹಾಕ್ಕೊಂಡು ಹೊರಡೋಕೆ ಮುಂಚೆ ಬಂದ್ಬಿಡಾಣ ಅಂತ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ರಂಗೋಲಿ ಹಿಟ್ಟಿನ ಕೈಯಲ್ಲೇ ರಟ್ಟು ತೆಗೆದುಕೊಂಡು ನೋಡಿದಳು. ಮುಳ್ಳುಗಳು ತಾನು ಕಳಿಸಿದ್ದ ಹಾಗೇ ಇದ್ದವು, ಎರಡೂ ಹನ್ನೆರಡರ ಮೇಲೆ.

"ತಿರುಗಿಸ್ಲೇ ಇಲ್ವಲ್ಲಣ್ಣ."

ಗಂಗಣ್ಣ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. "ಎಷ್ಟೋ ಸಲ ತಿರುಗಿಸಿ ಮತ್ತೆ ಅಲ್ಲಿಗೇ ತಂದಿಟ್ಟೆ ಕಣಮ್ಮ. ಎಲ್ಲಿಗೆ ತಿರುಗಿಸಿದ್ರೂ ತಡ ಆಯ್ತು ಅನ್ನಿಸ್ತು."

ಅಂಜಿನಮ್ಮ ರಂಗೋಲಿಯನ್ನು ತುಳಿದುಕೊಂಡೇ ಹೋಗಿ ಅಣ್ಣನ ಕೈ ಹಿಡಿದಳು.

ಆ ದಿನ ಗುಡಿಗೆ ಎಲ್ಲರೂ ಹೋದರು, ಗಂಗಣ್ಣನನ್ನು ನಡುವೆ ಹಾಕಿಕೊಂಡು. ಬೀಗ ಹಾಕಿದವನೂ ಅವನೇ, ತೆಗೆದವನೂ ಅವನೇ. ಆಚಾರಿ ಸೂಜಿ ಕಾಯಿಸಿ ಸಿದ್ಧವಾದ. ಗಂಗಣ್ಣ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪುಟ್ಟಿಯನ್ನು ಎಡತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ ಬಾಗಿಲ ಮರೆಯಿಂದ ಇಣುಕುತ್ತಿದ್ದ ಮುತ್ಯಾಲಮ್ಮನನ್ನು ಕೈ ಬೀಸಿ ಕರೆದು ಬಲತೊಡೆಯನ್ನು ತಟ್ಟಿ ತೋರಿಸಿದ.

"ನಂಗೆ ಆಗ್ಲೇ ಚುಚ್ಚವ್ರೆ," ಎಂದು ಹುಡುಗಿ ಕಿವಿ ಮುಟ್ಟಿಕೊಂಡಳು.

"ಗೊತ್ತು ಕಣವ್ವ. ಮಾವನ ತೊಡೆ ಮ್ಯಾಲೆ ಕೂತಿಲ್ವಲ್ಲ, ಬಾ."

ಹುಡುಗಿ ಅಮ್ಮನ ಮುಖ ನೋಡಿ, ನಿಧಾನವಾಗಿ ಬಂದು ಕೂತಳು. ಗಂಗಣ್ಣ ಎರಡೂ ಕೈಯಲ್ಲಿ ಇಬ್ಬರನ್ನೂ ತಬ್ಬಿಕೊಂಡು, ಶುರುಮಾಡಿ ಎಂದು ಆಚಾರಿಗೆ ತಲೆಯಾಡಿಸಿದ.