ಓರೆಗೆರೆಯ ಟಾರ್ಪಾಲು

ಅಟ್ಟದಿಂದ ನೀಲಿ ಟಾರ್ಪಾಲು ಎಳೆದಾಗ ಮೊದಲು ಮೂಗಿಗೆ ಬಂದದ್ದು ಬೂಸ್ಟು ಹಿಡಿದ ಕಾಫಿಯ ವಾಸನೆ. ಬಿಚ್ಚಿದರೆ ಒಂದು ತುದಿಯಲ್ಲಿ ಕಪ್ಪು ಮಾರ್ಕರಿನ ಓರೆಗೆರೆ ಇನ್ನೂ ಇತ್ತು. ಆ ಗೆರೆ ಹಾಕಿದವರು ಪಕ್ಕದ ಮನೆಯ ಟೀಚರ್. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದರು.

ನಾವು ಕಾಫಿ ಒಣಗಿಸುವ ಕಣ ಚೌಕವಲ್ಲ. ಒಂದು ಪಕ್ಕ ಮನೆಯ ಗೋಡೆಗೆ ನೇರ, ಇನ್ನೊಂದು ಪಕ್ಕ ಗುಡ್ಡ ಕಡಿದ ಧರೆಯ ಜೊತೆ ಓರೆ. ಮೇಲ್ತುದಿ ಇಪ್ಪತ್ತು ಅಡಿ, ಕೆಳತುದಿ ಮೂವತ್ತು, ಉದ್ದ ನಲವತ್ತು. ಕೊಯ್ಲಿನ ಹೊತ್ತಿಗೇ ಅಕಾಲದ ಮಳೆ ಬರತೊಡಗಿದ ಮೇಲೆ ಹೊದಿಕೆ ಬೇಕಾಯಿತು. ಅಪ್ಪಯ್ಯ ಟೀಚರ್ ಹತ್ತಿರ ವಿಸ್ತೀರ್ಣ ಕೇಳಿದರು.

"ಇದು ತ್ರಾಪಿಜ್ಯ. ಎರಡೂ ಅಗಲ ಕೂಡಿಸಿ, ಅರ್ಧ ಮಾಡಿ, ಉದ್ದದಿಂದ ಗುಣಿಸಿ. ಸಾವಿರ ಚದರಡಿ," ಎಂದರು ಅವರು.

ಅಷ್ಟು ಕೇಳಿಕೊಂಡು ಅಪ್ಪಯ್ಯ ಮೂಡಿಗೆರೆಯಿಂದ ಸಾವಿರ ಚದರಡಿಯನ್ನೇ ತಂದರು. ನಲವತ್ತು ಉದ್ದ, ಇಪ್ಪತ್ತೈದು ಅಗಲ. ಹೊದಿಸಿದರೆ ಮೇಲೆ ಐದಡಿ ಹೆಚ್ಚು, ಕೆಳಗೆ ಐದಡಿ ಕಡಿಮೆ. ಸಂಜೆಯ ಮಳೆಗೆ ಕೆಳಮೂಲೆಯ ಕಾಫಿ ತೊಯ್ದುಹೋಯಿತು.

"ಏನ್ ಟೀಚ್ರೇ, ನಿಮ್ ಲೆಕ್ಕ ಒಣಗೇ ಇದೆ. ನೆಂದಿದ್ದು ನನ್ ಕಾಫಿ ಮಾತ್ರ!"

"ವಿಸ್ತೀರ್ಣ ಕೇಳಿದ್ರಿ, ಹೇಳ್ದೆ. ಆಕಾರ ಕೇಳಿದ್ರಾ ಮಾರಾಯ್ರೇ?" ಎನ್ನುತ್ತ ಟೀಚರ್, ಮೇಲೆ ಹೆಚ್ಚಾಗಿದ್ದ ತ್ರಿಕೋನಕ್ಕೆ ಗೆರೆ ಎಳೆದರು. "ಇದನ್ನ ಕತ್ತರಿಸಿ, ತಿರುಗಿಸಿ ಕೆಳಗೆ ಹೊಲೀರಿ. ಸರೀ ಕೂರುತ್ತೆ."

"ಹೊಸ ಟಾರ್ಪಾಲಿಗೆ ಯಾರಾದ್ರೂ ಕತ್ತರಿ ಹಾಕ್ತಾರಾ!"

ಅಲ್ಲಿಗೇ ನಿಂತಿತು. ಪ್ರತಿ ಕೊಯ್ಲಿಗೂ ಟೀಚರ್ ಬೇಲಿಯಾಚೆಯಿಂದ "ಕತ್ತರಿ ತರ್ಲಾ?" ಅನ್ನುವುದು, ಅಪ್ಪಯ್ಯ "ಈ ವರ್ಷ ಮುಗೀಲಿ" ಅನ್ನುವುದು. ಮೇಲೆ ಮಡಿಚಿದ ಕಡೆ ನೀರು ನಿಲ್ಲುತ್ತಿತ್ತು. ಕೆಳಗೆ ಗೋಣಿಚೀಲ ಹೊದಿಸಿದ ಕಾಫಿ ಬೂಸ್ಟು ಹಿಡಿಯುತ್ತಿತ್ತು. ನೋಡಿ ನೋಡಿ ನನಗೆ ಇಬ್ಬರ ಮೇಲೂ ರೇಗುತ್ತಿತ್ತು. ಟೀಚರ್ ಬೇಲಿ ದಾಟಿ ಬಂದು ಕತ್ತರಿಸಿಯೇ ಬಿಡಬಾರದಿತ್ತೇ… ಒಪ್ಪಿಗೆಯಿಲ್ಲದೆ ಬೇರೆಯವರ ವಸ್ತು ಮುಟ್ಟುವವರಲ್ಲ ಅವರು.

ಹೋದ ಮಳೆಗಾಲದಲ್ಲಿ ಟೀಚರ್ ತೀರಿಕೊಂಡರು.

ಈ ಸಲ ಮೋಡ ಕಂಡು ಹೊಸದಕ್ಕೆಂದು ಅಂಗಡಿಗೆ ಫೋನ್ ಮಾಡಿದೆ. "ಉದ್ದ, ಅಗಲ ಹೇಳಿ ಸಾರ್," ಎಂದರು. ಯಾವ ಅಗಲ? ಫೋನ್ ಇಟ್ಟು, ಅಟ್ಟದ ಹಳೆಯದನ್ನೇ ಎಳೆದು ಬಿಚ್ಚಿ, ಕತ್ತರಿ ತಂದೆ. ಜಗಲಿಯಲ್ಲಿ ಕೂತಿದ್ದ ಅಪ್ಪಯ್ಯ ಬೇಡವೆನ್ನಲಿಲ್ಲ. ಗೆರೆಗುಂಟ ಕತ್ತರಿಸಿ, ತುಂಡನ್ನು ತಿರುಗಿಸಿ ಕೆಳಮೂಲೆಗಿಟ್ಟೆ. ಅಂಚಿಗೆ ಅಂಚು ಕೂತಿತು.

ಹೊಲಿಯಲು ಸೂಜಿ ಚುಚ್ಚಿ ದಾರ ಎಳೆದೆ. ಇಷ್ಟು ವರ್ಷ ಬಿಸಿಲು ತಿಂದ ಹಾಳೆ ಪರ್ರನೆ ಹರಿಯಿತು. ಇನ್ನೊಂದು ಕಡೆ ಚುಚ್ಚಿದೆ. ಅಲ್ಲಿಯೂ ಹರಿಯಿತು.

"ಆದ್ರೂ ಸರೀ ಕೂತಿತ್ತಲ್ಲ," ಎಂದು ಅಪ್ಪಯ್ಯ ಬೇಲಿಯ ಕಡೆ ತಿರುಗಿದರು. ಆಚೆ ಬಾಗಿಲಿಗೆ ಬೀಗ.