ಪಕ್ಕದ ಮನೆಯ ಕಥಾನಾಯಕಿ

ಒಗ್ಗರಣೆ ಸಿಡಿಯುವಾಗ ಕಾದಂಬರಿ ಓದುವ ಕೆಟ್ಟ ಚಾಳಿ ನನಗುಂಟು. ಲಂಡನ್ನಿನ ಅಂಚಿನ ಪಿನ್ನರ್‌ನ ನಮ್ಮ ಮನೆಯಲ್ಲಿ ಅರಿಶಿನದ ಬೆರಳಚ್ಚಿಲ್ಲದ ಪುಸ್ತಕವೇ ಇಲ್ಲವೆಂದು ಯಜಮಾನರು ಹಂಗಿಸುತ್ತಾರೆ. ಆ ಶನಿವಾರ ಒಲೆಯ ಪಕ್ಕ ತೆರೆದಿದ್ದದ್ದು ಕೆರಿಬಿಯನ್ ದ್ವೀಪವೊಂದರ ಗಣ್ಯರನ್ನು ಲೇವಡಿ ಮಾಡುವ ಹಳೆಯ ಕಾದಂಬರಿ. ಸುಡುಬಿಸಿಲಲ್ಲೂ ಉಣ್ಣೆಯ ಕೋಟು ಬಿಚ್ಚದ ನ್ಯಾಯಾಧೀಶ, ಲಂಡನ್ನನ್ನೇ ಕಾಣದೆ ಅಲ್ಲಿನ ಚಳಿ ನೆನೆದು ನಡುಗುವ ಅವನ ಹೆಂಡತಿ. ನಮ್ಮ ಧಾರವಾಡದ ಕ್ಲಬ್ಬಿನ ಮಂದಿಯೇ ಹಡಗು ಹತ್ತಿ ಹೋದಂತಿತ್ತು. ಅವರ ಮಗಳು, ಆಳುವವರ ಕೋಪಕ್ಕೆ ಗುರಿಯಾದ ಪತ್ರಕರ್ತನೊಬ್ಬನನ್ನು ಹಚ್ಚಿಕೊಂಡು ಮನೆ ಬಿಡುತ್ತಾಳೆ. ಅವನು ಒಬ್ಬನೇ ದೇಶಾಂತರ ಹೋದಾಗ ಸಮುದ್ರಕ್ಕೆ ಇಳಿಯುತ್ತಾಳೆ. ಮುಳುಗುವಾಗಲೂ ಹ್ಯಾಟು ಹಿಡಿದುಕೊಂಡಿದ್ದಳಂತೆ. ನಾನು ಗಟ್ಟಿಯಾಗಿ ನಕ್ಕೆ.

ನಗು ಕೇಳಿ ಹಿತ್ತಿಲ ಬಾಗಿಲಿಗೆ ಬಂದವರು ಪಕ್ಕದ ಮನೆಯ ವರ್ನಾ. ಅದೇ ದ್ವೀಪದಿಂದ ಬಂದು ಇಲ್ಲಿ ನರ್ಸಾಗಿ ನಿವೃತ್ತರಾದ, ಎಪ್ಪತ್ತು ದಾಟಿದ ಹೆಂಗಸು. ಪುಸ್ತಕದ ಹೊದಿಕೆ ನೋಡಿ ಕುರ್ಚಿ ಎಳೆದುಕೊಂಡರು.

"ಆ ಹುಡುಗಿ ನಾನೇ. ಹ್ಯಾಟು ಇತ್ತು, ನಿಜ. ಆದರೆ ಸಮುದ್ರಕ್ಕೆ ಇಳಿಯಲಿಲ್ಲ. ಅವನ ಹಿಂದೆ ಲಂಡನ್ನಿಗೆ ಬಂದೆ. ಅವನು ಬಾಗಿಲು ತೆಗೆಯಲಿಲ್ಲ."

ಸಾಸಿವೆ ಸೀದುಹೋಯಿತು. ಕಾದಂಬರಿ ಬರೆದವನೇ ಆ ಪತ್ರಕರ್ತನಂತೆ. ಈಗ ಮರೆವಿನ ಕಾಯಿಲೆಯಿಂದ ಕೊಲಿಂಡೇಲ್‌ನ ಕೇರ್ ಹೋಮ್ ಸೇರಿದ್ದಾನೆ. ಭಾನುವಾರಗಳಂದು ತಾನು ಹೋಗಿ ಉಣ್ಣಿಸುತ್ತೇನೆ ಎಂದರು.

ಸಂಜೆ ಯಜಮಾನರಿಗೆ ಹೇಳಿದೆ.

"ಮುಳುಗಿಸಿದಾವ್ಗ ಅಕೀನ ಉಣ್ಣಸ್ತಾಳ?" ಎಂದರು.

"ಹೂಂ. ನಾಳೆ ನಾನೂ ಹೊಂಟೀನಿ."

ಮರುದಿನ ಕಂಡದ್ದು ಒಣಗಿದ ಮುದುಕ; ಕಣ್ಣಲ್ಲಿ ಮಾತ್ರ ಕಾದಂಬರಿಯ ಅದೇ ಕುಹಕ. "ಈ ನರ್ಸು ಒಳ್ಳೆಯವಳು," ಎಂದು ವರ್ನಾರನ್ನು ನನಗೇ ಪರಿಚಯಿಸಿದ. ತಡೆಯಲಾರದೆ ಕಾದಂಬರಿಯ ಹುಡುಗಿಯ ಬಗ್ಗೆ ಕೇಳಿದೆ.

"ಸತ್ತುಹೋದಳು," ಎಂದವನ ಕಣ್ಣು ತುಂಬಿತು. "ಅವಳಂತೆ ಯಾರೂ ನನ್ನನ್ನು ಪ್ರೀತಿಸಲಿಲ್ಲ."

"ಬದುಕಿದ್ದಿದ್ದರೆ?"

"ಬದುಕಿದ್ದಿದ್ದರೆ ನನ್ನ ಕಾದಂಬರಿ ಮುಗಿಯುತ್ತಿರಲಿಲ್ಲ."

ವರ್ನಾ ಅವನ ಗಲ್ಲದ ಮೇಲಿನ ಸೂಪ್ ಒರೆಸಿ ಮುಂದಿನ ಚಮಚ ಹಿಡಿದರು.

ಬಸ್ ಸ್ಟಾಪಿನಲ್ಲಿ ಕೇಳಿದೆ, "ನೀವು ಯಾರೆಂದು ಯಾಕೆ ಹೇಳುವುದಿಲ್ಲ?"

"ಒಮ್ಮೆ ಹೇಳಿದೆ. ಹೊರಗೆ ಹೋಗು ಅಂದ. ಸತ್ತ ಆ ಹುಡುಗಿಗಾದರೆ ಅಳುತ್ತಾನೆ. ಅದನ್ನು ನೋಡಲು ಬರುತ್ತೇನೆ."

ಓದುಗ ಮಿತ್ರರೇ, ಜೀವಂತ ಹೆಂಗಸೊಬ್ಬಳು ತನ್ನದೇ ಸಾವಿನ ಶೋಕಕ್ಕೆ ಹೀಗೆ ಹಸಿದು ಹೋಗುವುದನ್ನು ನಾನು ಎಲ್ಲೂ ಓದಿರಲಿಲ್ಲ. ಉಣ್ಣಿಸಲು ಹೋಗುತ್ತಾರೆ ಅಂದುಕೊಂಡಿದ್ದೆ. ಅವರು ಉಣ್ಣಲು ಹೋಗುತ್ತಿದ್ದರು.