ಊದದ ಟ್ರಂಪೆಟ್, ಕಾಯುವ ಲಿಸ್ಬನ್

ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬ್ಯಾಡಗಿ ಊರು ದಾಟಿ ಕದರಮಂಡಲಗಿ ದಾರಿಯ ಪಕ್ಕದ ಹೊಲದ ಬದುವಿನ ಮೇಲೆ ಮುಜಾಫರ ನಿಂತಿದ್ದಾರೆ. ಊರೊಳಗೆ ನಿಂತು ಊದುವಂತಿಲ್ಲ. ಮೆಣಸಿನಕಾಯಿ ಸುಗ್ಗಿಯ ದಿನಗಳಿವು. ಮಾರುಕಟ್ಟೆಯ ಘಾಟು ಓಣಿ ಓಣಿಯಲ್ಲೂ ತುಂಬಿ, ಉಸಿರು ಎಳೆದರೆ ಕೆಮ್ಮು ಬರುತ್ತದೆ. ಬಾಟಲಿಯ ನೀರಿನಿಂದ ತುಟಿ ಒದ್ದೆ ಮಾಡಿಕೊಂಡು, ಟ್ರಂಪೆಟ್ ಬಾಯಿಗಿಟ್ಟು ಅವರು ಕಣ್ಣು ಮುಚ್ಚುತ್ತಾರೆ. ಮೊದಲು ಬರೀ ಗಾಳಿ. ಆಮೇಲೆ ಒಂದು ಸ್ವರ ಹೊರಟು, ನಡುವೆಯೇ ಒಡೆದು, ಪಿಸ್ ಎಂದು ನಿಂತುಬಿಡುತ್ತದೆ. ಮೇಲ್ತುಟಿಯ ಎಡಭಾಗವನ್ನು ಬೆರಳಿನಿಂದ ತೀಡಿಕೊಂಡು ಮತ್ತೆ ಊದುತ್ತಾರೆ. ಮತ್ತೆ ಅಷ್ಟೇ ಆಗುತ್ತದೆ.

“ಇವತ್ತೂ ಬರವಲ್ದುರಿ,” ಎಂದು ಜೊತೆಗೆ ಹೋಗಿದ್ದ ನಮಗೆ ಹೇಳುತ್ತಾ ಟ್ರಂಪೆಟ್ ಒರೆಸಿ ಚೀಲಕ್ಕೆ ಹಾಕುತ್ತಾರೆ. ಮನೆಯಲ್ಲಿ ಹೆಂಡತಿ ರೋಷನಬಿ ಬಾಗಿಲಲ್ಲೇ ಕಾಯುತ್ತಿರುತ್ತಾರೆ. “ಮಾರಿ ನೋಡಿದ್ರ ಗೊತ್ತಾಗತೈತ್ರಿ. ನಾ ಏನೂ ಕೇಳೂದಿಲ್ಲ, ಚಾ ಇಡ್ತೇನಿ,” ಎನ್ನುತ್ತಾರೆ ಅವರು.

ನಲವತ್ತು ದಾಟಿದ ಮುಜಾಫರ, ಮದುವೆ ಮೆರವಣಿಗೆಗಳಿಗೆ ಬ್ಯಾಂಡ್ ಬಾರಿಸುವ ಇಸಾಕಸಾಬರ ಮಗ. ಕೆಂಪು ಕೋಟು, ಹಳದಿ ಜರಿ, ಮುಂದೆ ಕುದುರೆಯ ಮೇಲೆ ಮದುಮಗ: ಹುಡುಗಾಟದ ವಯಸ್ಸಿನಿಂದ ಕಂಡ ಲೋಕ ಇದೊಂದೇ. ಹತ್ತು ವರ್ಷಗಳ ಹಿಂದೆ ರಾಣೆಬೆನ್ನೂರಿನ ಒಂದು ಮದುವೆಯಲ್ಲಿ ಹಾವೇರಿಯ ಜ್ಯೋತ್ಸ್ನಾ ಮುಜಾಫರರ ಟ್ರಂಪೆಟ್ ಕೇಳಿ ನಿಂತಲ್ಲೇ ನಿಂತರು. ಸಂಗೀತ ಕಲಿಯಲು ಪೋರ್ಚುಗಲ್ಲಿನ ಲಿಸ್ಬನ್ ಸೇರಿದ್ದ ಜ್ಯೋತ್ಸ್ನಾ, ಐರ್ಲೆಂಡಿನ ಹಾಡುಗಾರ್ತಿ ಮತ್ತು ಬ್ರೆಜಿಲ್ಲಿನ ಡ್ರಮ್ಮರ್ ಜೊತೆಗೂಡಿ ಅಲ್ಲಿ ‘ಲೇಟ್ ಟ್ರಾಮ್ಸ್’ ಎಂಬ ಪಾಪ್-ರಾಕ್ ತಂಡ ಕಟ್ಟುತ್ತಿದ್ದರು.

“ಮುಜಾಫರಣ್ಣ, ನಮ್ಮ ಬ್ಯಾಂಡಿಗೆ ಬರ್ತೀರೇನು ಅಂದ್ಲುರಿ. ಯಾವ ಊರಾಗ ಮದುವಿ ಅಂತ ಕೇಳಿದ್ನಿ,” ಎಂದು ಮುಜಾಫರ ನಗುತ್ತಾರೆ. ಇಡೀ ಮಾತುಕತೆಯಲ್ಲಿ ಅವರು ನಕ್ಕಿದ್ದು ಅದೊಂದೇ ಸಲ.

ಮುಜಾಫರ ಲಿಸ್ಬನ್ನಿಗೆ ಹೋದರು. ತಂಡ ಅಲ್ಲಿನ ಗಲ್ಲಿಯ ಸಣ್ಣ ಬಾರುಗಳಲ್ಲಿ ಶುರುವಾಯಿತು. ಎರಡನೇ ವರ್ಷ ಒಂದು ಹಾಡು ಜನರ ಬಾಯಿಗೆ ಬಿತ್ತು. ಅದು ತೆರೆದುಕೊಳ್ಳುವುದೇ ಮುಜಾಫರರ ಟ್ರಂಪೆಟ್ಟಿನಿಂದ. ಮದುಮಗ ಕುದುರೆ ಇಳಿಯುವಾಗ ಬ್ಯಾಂಡಿನವರು ನಿಧಾನಕ್ಕೆ ಮೇಲೇರಿಸುವ ಧಾಟಿಯನ್ನೇ ಅವರು ಅಲ್ಲಿ ಊದಿದ್ದರು. ಆಮೇಲೆ ಜರ್ಮನಿ, ಸ್ಪೇನ್, ಜಪಾನ್ ಎಲ್ಲ ಕಡೆ ತಂಡವನ್ನು ಕರೆದರು. ಪೋಸ್ಟರಿನಲ್ಲಿ ಮೂವರ ಮುಖಗಳಿದ್ದವು. ಮುಜಾಫರರ ಭುಜ ಮಾತ್ರ ಕಾಣುತ್ತಿತ್ತು. ಬ್ಯಾಡಗಿಯಲ್ಲಂತೂ ಅವರು ದುಬೈಗೆ ಕೆಲಸಕ್ಕೆ ಹೋಗಿದ್ದರು ಎಂದು ತಿಳಿದವರೇ ಬಹಳ. ಅವರೂ ಯಾರನ್ನೂ ತಿದ್ದಲಿಲ್ಲ.

ವರ್ಷ ವರ್ಷವೂ ಮದುವೆ ಸುಗ್ಗಿಗೆ ಮಾತ್ರ ಅವರು ತಪ್ಪದೆ ಊರಿಗೆ ಬರುತ್ತಿದ್ದರು. ಮಗ ಮುಂದೆ ನಿಲ್ಲದಿದ್ದರೆ ಅಪ್ಪನ ಬ್ಯಾಂಡ್ ಕಂಪನಿಯನ್ನು ಕೇಳುವವರಿರಲಿಲ್ಲ. ಹಾಗೆ ಬಂದ ಒಂದು ಸಲ, ಎರಡು ವರ್ಷಗಳ ಹಿಂದೆ, ಕುಪ್ಪೇಲೂರಿನ ಮದುವೆಯೊಂದರಲ್ಲಿ ಬೀಗರು ಡಿಜೆ ಗಾಡಿಯನ್ನೂ ತರಿಸಿದ್ದರು. ಮನೆಯಷ್ಟೆತ್ತರದ ಸ್ಪೀಕರುಗಳು, ಎದೆಗೂಡು ನಡುಗಿಸುವ ಸದ್ದು. ಬ್ಯಾಂಡಿನವರ ಕಡೆ ತಿರುಗಿ ನೋಡುವವರೇ ಇಲ್ಲ. ದೊಡ್ಡ ಡೋಲು ಹೊತ್ತಿದ್ದ ಇಸಾಕಸಾಬರು ತಲೆ ತಗ್ಗಿಸಿದರು.

“ಡಿಜೆದಾವ ಸೌಂಡ್ ಏರಿಸಿದಂಗ ನಾನೂ ಏರಿಸಿದ್ನಿ,” ಎಂದು ಮುಜಾಫರ ನೆನೆಯುತ್ತಾರೆ. “ಊರಾಗ ಜೋರ್ ಊದಬ್ಯಾಡ್ರಿ, ಮುಂದಿನ ತಿಂಗಳ ಕಾರ್ಯಕ್ರಮ ಐತಿ ಅಂತ ಜ್ಯೋತ್ಸ್ನಾ ಮೊದಲ ಹೇಳಿದ್ಲು. ಆದ್ರ ಅಪ್ಪನ ಮಾರಿ ನೋಡಿ ಸುಮ್ನ ಇರಾಕ ಆಗ್ಲಿಲ್ಲರಿ. ತುಟಿ ಒಳಗ ಏನೋ ಪಟ್ಟನ ಹರದಂಗಾತು. ಬಾಯಿ ತುಂಬ ರಕ್ತ.”

ತುಟಿಯ ಸ್ನಾಯು ಹರಿದಿತ್ತು. ಹುಬ್ಬಳ್ಳಿಯ ಡಾಕ್ಟರು ಹೊಲಿಗೆ ಹಾಕಿ, ವರ್ಷವಿಡೀ ಊದಬಾರದೆಂದರು. ವರ್ಷ ಕಳೆಯಿತು, ಇನ್ನೊಂದೂ ಕಳೆಯಿತು. ಊಟಕ್ಕೆ, ಮಾತಿಗೆ ತುಟಿಯ ತಕರಾರಿಲ್ಲ. ಟ್ರಂಪೆಟ್ ತಾಗಿದ ಕೂಡಲೇ ಸೋತು ಬೀಳುತ್ತದೆ.

ಅತ್ತ ತಂಡಕ್ಕೂ ಒಳ್ಳೆಯ ದಿನಗಳು ಬರಲಿಲ್ಲ. ಆ ಒಂದು ಹಾಡಿನಂಥದ್ದು ಮತ್ತೆ ಹುಟ್ಟಲಿಲ್ಲ, ಕರೆಯುವವರು ಕಡಿಮೆಯಾದರು. ಬರುವ ಅಕ್ಟೋಬರಿನಲ್ಲಿ ಲಿಸ್ಬನ್ನಿನಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟು ತಂಡ ಮುಚ್ಚುತ್ತಾರೆ. ಮುಜಾಫರ ಬಂದರೆ ಆ ಹಾಡು ಇದ್ದಂತೆಯೇ ನಡೆಯುತ್ತದೆ, ಇಲ್ಲವಾದರೆ ಇಲ್ಲ. ಜ್ಯೋತ್ಸ್ನಾ ಫೋನು ಮಾಡಿದಾಗಲೆಲ್ಲ “ಸುಧಾರಸಾಕತ್ತೈತಿ” ಎಂದೇ ಅವರು ಹೇಳುತ್ತ ಬಂದಿದ್ದಾರೆ. ಅದು ಸುಳ್ಳು ಎಂಬುದು ಆ ಹೊಲದ ಬದುವಿಗೆ ಗೊತ್ತು, ರೋಷನಬಿಗೆ ಗೊತ್ತು.

ಈಗಿನ ಅವರ ಕೆಲಸ ಸಾಲು ತುಂಬಿಸುವುದು. ಮದುವೆ ಮನೆಯವರು ಬ್ಯಾಂಡಿನವರ ಕೋಟು ಎಣಿಸುತ್ತಾರೆ. ಹನ್ನೆರಡು ಮಂದಿ ಎಂದರೆ ಹನ್ನೆರಡೇ ಬೇಕು. ಹುಡುಗರೆಲ್ಲ ಡಿಜೆ ಗಾಡಿ ಹತ್ತಿದ್ದಾರೆ. ಹಾಗಾಗಿ ಮುಜಾಫರ ಕೋಟು ತೊಟ್ಟು ಸಾಲಿನಲ್ಲಿ ನಿಂತು, ಟ್ರಂಪೆಟ್ ಬಾಯಿಗೆ ಹಿಡಿದು, ಬೆರಳಾಡಿಸುತ್ತಾರೆ. ಊದುವುದಿಲ್ಲ. “ಖರೇ ಊದಾವನ ಗಲ್ಲ ಉಬ್ಬೂದಿಲ್ರಿ. ನಾ ಈಗ ಗಲ್ಲ ಉಬ್ಬಸ್ತೇನಿ. ನೋಡಾವ್ರಿಗೆ ಅದ ಬೇಕು,” ಎನ್ನುವಾಗ ಅವರ ದೃಷ್ಟಿ ನೆಲದ ಮೇಲಿರುತ್ತದೆ.

ಹೊಲದ ಬದುವಿನ ಮೇಲೆ ಊದಿದ ಆ ದಿನವೇ ಕದರಮಂಡಲಗಿಯಲ್ಲಿ ಮದುವೆ. ಮೆರವಣಿಗೆ ಹಂದರ ಮುಟ್ಟಿದಾಗ ಹೆಣ್ಣಿನ ಕಡೆಯ ಅಜ್ಜಿ ಮುತ್ತವ್ವ ಬ್ಯಾಂಡಿನವರಿಗೆಲ್ಲ ನೀರು ಕೊಡುತ್ತಾ ಬಂದು, ಮುಜಾಫರರ ಮುಂದೆ ನಿಲ್ಲುತ್ತಾರೆ. “ಎಲ್ಲಾರಿಗಿಂತ ನೀನ ಚಲೋ ಊದಿದಿ ನೋಡಪಾ. ಎಷ್ಟ ಜೀವ ತೇಯ್ತಿ!” ಪಕ್ಕದಲ್ಲಿದ್ದ ಇಸಾಕಸಾಬರು ಡೋಲಿನ ಹಗ್ಗ ಬಿಗಿಯುವ ನೆಪದಲ್ಲಿ ಆಚೆ ತಿರುಗುತ್ತಾರೆ. ಮುಜಾಫರ ನೀರು ಕುಡಿದು, “ಹೌದವಾ,” ಎನ್ನುತ್ತಾರೆ.

ಸ್ವಲ್ಪ ಹೊತ್ತಿಗೆ ಅವರ ಫೋನು ಹೊಡೆದುಕೊಳ್ಳುತ್ತದೆ. ಲಿಸ್ಬನ್ನಿನಿಂದ ಜ್ಯೋತ್ಸ್ನಾ. ಟಿಕೀಟು ತೆಗೆಸುವ ಸಮಯ ಬಂದಿದೆ, ಖಚಿತ ಮಾತು ಬೇಕು. ಮದುವೆ ಗದ್ದಲದಲ್ಲಿ ಕೇಳಿಸದೆಂದು ಮುಜಾಫರ ಫೋನಿನ ಸ್ಪೀಕರ್ ಹಾಕುತ್ತಾರೆ. ಸುಧಾರಿಸುತ್ತಿದೆ ಎಂಬ ಮಾತು ಇವತ್ತು ಅವರ ಬಾಯಿಗೆ ಬರುವುದಿಲ್ಲ.

“ಇಲ್ಲ ತಂಗಿ. ಇನ್ನ ಅದು ಬರೂದಿಲ್ಲ. ಇಷ್ಟ ದಿನ ನಿನಗ ಸುಳ್ಳ ಹೇಳಿದ್ನಿ.”

ಜ್ಯೋತ್ಸ್ನಾ ಅಳುಕುತ್ತ ಹೇಳುತ್ತಾರೆ: “ಹಂಗಾದ್ರ ಹಳೇ ರೆಕಾರ್ಡಿಂಗ್ ಹಚ್ಚತೇವಿ, ಮುಜಾಫರಣ್ಣ. ಆದ್ರ ಸ್ಟೇಜಿನ ಮ್ಯಾಲ ನಿಮ್ಮ ಜಾಗಾ ಖಾಲಿನ ಇಡ್ತೇವಿ.”

ಮುಜಾಫರ ಕೆಂಪು ಕೋಟಿನ ಗುಂಡಿ ಬಿಚ್ಚುತ್ತ, ಹಂದರದ ಕಡೆ ನೋಡುತ್ತಾರೆ.

“ಖಾಲಿ ಇಡಬ್ಯಾಡ ತಂಗಿ. ಯಾರನರ ಒಬ್ಬರನ್ನ ನಿಂದರ್ಸು. ಊದದಿದ್ರೂ ನಡೀತೈತಿ.”